ಬಾಣಂತಿ ಹೊಟ್ಟೆಗೆ ಆತುರ ಬೇಡ

ಹೋದ ತಿಂಗಳು ಜಯನಗರ ಒಂದನೇ ಬ್ಲಾಕಿನ ಮಾಧವನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಓಡುತ್ತ ಬಂದಳು. ಹೆರಿಗೆಯಾಗಿ ಇನ್ನೂ ಎರಡೂವರೆ ತಿಂಗಳು. ಮುಖ ಕೆಂಪಾಗಿತ್ತು, ಏದುಸಿರು ಬಿಡುತ್ತಿದ್ದಳು. ಟೀ ಶರ್ಟಿನೊಳಗೆ ಅಗಲವಾದ ಬೆಲ್ಟನ್ನು ಉಸಿರು ಕಟ್ಟುವ ಹಾಗೆ ಬಿಗಿದುಕೊಂಡಿದ್ದಳು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದರೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ಹಿಂದಿನ ಸಂಜೆ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ ಒಬ್ಬರು ಅವಳ ಹೊಟ್ಟೆ ನೋಡಿ "ಎಷ್ಟನೇ ತಿಂಗಳಮ್ಮಾ?" ಎಂದು ಕೇಳಿದ್ದರಂತೆ.

ಹಾಗೆ ಕೇಳುವ ಹೆಂಗಸರಿಗೇ ಮೊದಲು ಒಂದು ಮಾತು. ಬಾಣಂತಿಯ ಹೊಟ್ಟೆಯ ಸುದ್ದಿ ನಿಮಗೆ ಬೇಡ. ಕೇಳಲೇಬೇಕೆನಿಸಿದರೆ "ನಿದ್ದೆ ಆಯ್ತಾ, ಊಟ ಆಯ್ತಾ" ಎಂದು ಕೇಳಿ. ಆಡಿದ ಮಾತು, ಒಡೆದ ಮುತ್ತು ಮತ್ತೆ ಕೂಡುವುದಿಲ್ಲ.

ಇನ್ನು ಆ ಹುಡುಗಿಗೆ ಅವತ್ತು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾನು ಡಾಕ್ಟರಲ್ಲ. ಮೂರು ಹೆತ್ತವಳು, ಇಬ್ಬರು ಹೆಣ್ಣುಮಕ್ಕಳದೂ ಒಬ್ಬ ಸೊಸೆಯದೂ ಬಾಣಂತನ ಮಾಡಿದವಳು. ಸೊಸೆಗೆ ಹೆರಿಗೆಯ ನಂತರ ಸೊಂಟ ನೋವು ಬಿಡದೇ ಇದ್ದಾಗ ಅವಳ ಜೊತೆ ಆರು ವಾರ ಫಿಸಿಯೋಥೆರಪಿಗೆ ಹೋಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ನೋಡಿ ಕಲಿತೆ. ನಮ್ಮ ಕಾಲದಲ್ಲಿ ನಾವು ಏನನ್ನು ಸರಿಯಾಗಿ ಮಾಡುತ್ತಿದ್ದೆವು, ಎಲ್ಲಿ ತಪ್ಪುತ್ತಿದ್ದೆವು ಎನ್ನುವುದು ನನಗೆ ತಿಳಿದದ್ದೇ ಅಲ್ಲಿ.

ಮೊದಲು ಒಳಗೆ ಏನಾಗಿದೆ ಎಂದು ತಿಳಿದುಕೊಳ್ಳಿ. ಹೊಟ್ಟೆಯ ಮುಂಭಾಗದಲ್ಲಿ ಪಕ್ಕೆಲುಬಿನಿಂದ ಕಿಬ್ಬೊಟ್ಟೆಯವರೆಗೆ ಎರಡು ಉದ್ದನೆಯ ಸ್ನಾಯುಗಳಿವೆ. ನಡುವೆ ಅವೆರಡನ್ನೂ ಸೇರಿಸುವ ಪಟ್ಟಿಯೊಂದಿದೆ. ರವಿಕೆಯ ಎರಡು ಮುಂಭಾಗ, ನಡುವೆ ಕೊಕ್ಕೆಯ ಪಟ್ಟಿ ಎಂದುಕೊಳ್ಳಿ. ಬಸುರಿನಲ್ಲಿ ಮಗು ಬೆಳೆದಂತೆ ಆ ನಡುಪಟ್ಟಿ ಹಿಗ್ಗಿ ತೆಳುವಾಗುತ್ತದೆ, ಎರಡು ಸ್ನಾಯುಗಳು ಪಕ್ಕಕ್ಕೆ ಸರಿಯುತ್ತವೆ. ಸರಿಯದೆ ಇದ್ದರೆ ಮಗುವಿಗೆ ಜಾಗವೆಲ್ಲಿ? ಇದು ರೋಗವಲ್ಲ, ದೇಹ ಮಾಡಿಕೊಟ್ಟ ಅನುಕೂಲ. ಹೆರಿಗೆಯಾದ ಕೂಡಲೇ ಗರ್ಭಕೋಶವೊಂದೇ ಹತ್ತಿರ ಹತ್ತಿರ ಒಂದು ಕಿಲೋ ತೂಗುತ್ತದೆ, ಅದರ ತುದಿ ಹೊಕ್ಕುಳಿನ ಮಟ್ಟದಲ್ಲಿರುತ್ತದೆ. ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಕೆಳಗಿಳಿಯುತ್ತ, ಎರಡು ವಾರಕ್ಕೆ ಸೊಂಟದ ಎಲುಬಿನ ಒಳಗೆ ಸೇರಿಕೊಳ್ಳುತ್ತದೆ. ಆರು ವಾರದ ಹೊತ್ತಿಗೆ ಅರವತ್ತು ಎಪ್ಪತ್ತು ಗ್ರಾಂಗೆ ಬರುತ್ತದೆ. ಮಗುವಿಗೆ ಹಾಲು ಕುಡಿಸುವಾಗ ಕಿಬ್ಬೊಟ್ಟೆಯಲ್ಲಿ ಹಿಂಡಿದಂತೆ ನೋವಾಗುತ್ತದಲ್ಲ, ಅದು ಗರ್ಭಕೋಶ ಕುಗ್ಗುತ್ತಿರುವ ನೋವು. ಹೆದರಬೇಡಿ.

ಗರ್ಭಕೋಶ ತಾನಾಗಿ ಕುಗ್ಗುತ್ತದೆ. ಸ್ನಾಯುಗಳು ಹಾಗಲ್ಲ, ಅವಕ್ಕೆ ಸಮಯವೂ ಬೇಕು, ಸ್ವಲ್ಪ ನೆರವೂ ಬೇಕು. ನಾರ್ವೆಯಲ್ಲಿ ಚೊಚ್ಚಲ ಹೆರಿಗೆಯ 300 ಹೆಂಗಸರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೆರಿಗೆಯಾಗಿ ಆರು ವಾರದ ಮೇಲೂ ನೂರರಲ್ಲಿ ಅರವತ್ತು ಜನಕ್ಕೆ ಈ ಎರಡು ಸ್ನಾಯುಗಳ ನಡುವೆ ಬಿರುಕು ಇತ್ತು. ಒಂದು ವರ್ಷ ತುಂಬಿದಾಗ ಮೂವತ್ಮೂರು ಜನಕ್ಕೆ ಮಾತ್ರ ಉಳಿದಿತ್ತು. ಎರಡೂವರೆ ತಿಂಗಳಿಗೇ ಹೊಟ್ಟೆ ಒಳಗೆ ಹೋಗಲಿಲ್ಲ ಎಂದು ಅಳುವವರು ಈ ಲೆಕ್ಕ ನೋಡಿ ಸಮಾಧಾನ ಮಾಡಿಕೊಳ್ಳಿ. ಮೊಬೈಲಿನಲ್ಲಿ ಕಾಣುವ ಸಿನಿಮಾದವರ ಸಪಾಟು ಹೊಟ್ಟೆ ದೂರದ ಬೆಟ್ಟ. ಅದರ ಹಿಂದೆ ಎಷ್ಟು ಜನ ಆಳುಕಾಳು, ಎಷ್ಟು ಖರ್ಚು ಇದೆ ಎನ್ನುವುದು ನಿಮಗೆ ಕಾಣುವುದಿಲ್ಲ.

ನಿಮ್ಮ ಬಿರುಕು ಎಷ್ಟಿದೆ ಎಂದು ನೀವೇ ನೋಡಿಕೊಳ್ಳಬಹುದು. ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಹೊಕ್ಕುಳಿನ ಸ್ವಲ್ಪ ಮೇಲೆ ಬೆರಳುಗಳನ್ನು ಅಡ್ಡಡ್ಡ ಇಟ್ಟು, ತಲೆಯನ್ನು ದಿಂಬಿನಿಂದ ಒಂದಿಷ್ಟೇ ಎತ್ತಿ. ಎರಡು ಕಡೆಯ ಸ್ನಾಯುಗಳು ಬಿಗಿಯಾಗಿ ಬೆರಳಿಗೆ ತಾಕುತ್ತವೆ, ನಡುವೆ ಮೆತ್ತಗಿನ ಹಳ್ಳ. ಹೊಕ್ಕುಳಿನ ಕೆಳಗೂ ಹೀಗೇ ನೋಡಿ. ಎರಡು ಬೆರಳಿಗಿಂತ ಹೆಚ್ಚು ಅಗಲವಿದ್ದರೆ, ಅಥವಾ ತಲೆ ಎತ್ತಿದಾಗ ಹೊಟ್ಟೆಯ ನಡುವೆ ದಿಣ್ಣೆಯ ಹಾಗೆ ಉಬ್ಬಿದರೆ ಡಾಕ್ಟರಿಗೆ ತೋರಿಸಿ.

ಇಲ್ಲಿ ಬಾಣಂತನದ ಮಾತು ಬರಲೇಬೇಕು. ನಮ್ಮ ಮನೆಯ ಎರಡು ತಲೆಮಾರು ಹುಟ್ಟಿದ್ದು 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯಲ್ಲಿ. ಅಲ್ಲಿಂದ ಮನೆಗೆ ಬಂದ ಮೇಲೆ ಯಜಮಾನಿಕೆ ಎಲ್ಲ ಅಜ್ಜಿಯದು. ಮೈಗೆ ಹರಳೆಣ್ಣೆ ತಿಕ್ಕಿ, ಹಂಡೆ ಕಾಯಿಸಿ, ಬೆನ್ನಿಗೂ ಸೊಂಟಕ್ಕೂ ಕಾದ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ, ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿ ಮಲಗಿಸುತ್ತಿದ್ದರು. ಕಟ್ಟದಿದ್ದರೆ ಹೊಟ್ಟೆಗೆ ಗಾಳಿ ತುಂಬಿಕೊಳ್ಳುತ್ತದೆ ಎಂದು ಹೆದರಿಸುತ್ತಿದ್ದರು. ಹೊಟ್ಟೆಗೆ ಗಾಳಿ ತುಂಬಿಕೊಳ್ಳುವುದಿಲ್ಲ. ಆದರೆ ಆ ಕಟ್ಟು ಪೂರ್ತಿ ತಪ್ಪೂ ಅಲ್ಲ. ಹಿಗ್ಗಿದ ಸ್ನಾಯುವಿಗೆ ಮೊದಲ ಕೆಲವು ವಾರ ಹೊರಗಿನಿಂದ ಒಂದು ಆಸರೆ ಸಿಕ್ಕರೆ ಬೆನ್ನಿಗೆ ಹಿತ. ಸಿಸೇರಿಯನ್ ಆದವರಿಗೆ ಕೆಮ್ಮುವಾಗ, ಏಳುವಾಗ, ನಾಲ್ಕು ಹೆಜ್ಜೆ ನಡೆಯುವಾಗ ಹೊಲಿಗೆ ಎಳೆದಂತಾಗುವ ನೋವು ಕಡಿಮೆಯಾಗುತ್ತದೆ. ಹತ್ತಿ ಸೀರೆಯ ಗುಣ ಏನೆಂದರೆ ಉಸಿರಾಡಿದಾಗ ಅದೂ ಒಂದಿಷ್ಟು ಸಡಿಲವಾಗುತ್ತದೆ, ಬೆವರು ಹೀರುತ್ತದೆ.

ಈಗ ಮೆಡಿಕಲ್ ಶಾಪಿನಿಂದ ತರುವ ಬೆಲ್ಟಿನದ್ದೇ ತೊಂದರೆ. ಬಿಗಿದಷ್ಟೂ ಹೊಟ್ಟೆ ಕರಗುತ್ತದೆ ಎಂದುಕೊಂಡು ಬೆಳಗಿನಿಂದ ರಾತ್ರಿಯವರೆಗೆ ಬಿಗಿಯುತ್ತೀರಿ. ಕರಗುವುದಿಲ್ಲ ಕಣ್ರೀ! ನಡುವೆ ಬಿಗಿದರೆ ಒಳಗಿನ ಒತ್ತಡ ಮೇಲಕ್ಕೂ ಕೆಳಕ್ಕೂ ನುಗ್ಗುತ್ತದೆ. ಮೇಲಕ್ಕೆ ಹೋದರೆ ಎದೆಯುರಿ, ಉಸಿರು ಕಟ್ಟಿದಂತಾಗುವುದು. ಕೆಳಕ್ಕೆ ಹೋದರೆ, ಹೆರಿಗೆಯಲ್ಲಿ ಮೊದಲೇ ಸೋತಿರುವ ಬುಡದ ಸ್ನಾಯುಗಳ ಮೇಲೆ ಭಾರ ಬೀಳುತ್ತದೆ. ಕೆಮ್ಮಿದರೆ ಸೀನಿದರೆ ಮೂತ್ರ ಹನಿಯುವುದು, ವಯಸ್ಸಾದ ಮೇಲೆ ಗರ್ಭಕೋಶ ಜಾರುವುದು ಎಲ್ಲಕ್ಕೂ ಆ ಸ್ನಾಯುಗಳು ಸೋತದ್ದೇ ಮುಖ್ಯ ಕಾರಣ. ಆದ್ದರಿಂದ ಕಟ್ಟುವುದಾದರೆ ಕಿಬ್ಬೊಟ್ಟೆಯ ಹತ್ತಿರ ಸ್ವಲ್ಪ ಹದವಾಗಿ, ಪಕ್ಕೆಲುಬಿನ ಹತ್ತಿರ ಸಡಿಲವಾಗಿ ಕಟ್ಟಿ. ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಊಟ ಮಾಡುವಾಗ, ಮಲಗುವಾಗ ಬಿಚ್ಚಿಡಿ. ಆರೆಂಟು ವಾರ ಆದಮೇಲೆ ಅದನ್ನು ಮಡಿಸಿ ಬೀರುವಿನಲ್ಲಿಡಿ. ಹೊರಗಿನ ಕಟ್ಟು ಕೆಲಸ ಮಾಡುತ್ತಲೇ ಇದ್ದರೆ ಒಳಗಿನ ಸ್ನಾಯು ಯಾಕೆ ದುಡಿದೀತು?

ಅಜ್ಜಿಯರ ಕೆಲವು ಕಟ್ಟಳೆಗಳನ್ನು ಮಾತ್ರ ಕೈಬಿಡಲೇಬೇಕು. ಬಾಣಂತಿಗೆ ನೀರು ಕೊಡಬಾರದು ಎನ್ನುವುದು ಮೊದಲನೆಯದು. ಹಾಲು ಕುಡಿಸುವವಳಿಗೆ ನೀರು ಬೇಡವೆಂದರೆ ಹೇಗೆ? ನೀರು ಸಾಲದಿದ್ದರೆ ಮಲ ಗಟ್ಟಿಯಾಗುತ್ತದೆ, ಮುಕ್ಕರಿಯಬೇಕಾಗುತ್ತದೆ. ಮುಕ್ಕರಿದಾಗೆಲ್ಲ ಹೊಟ್ಟೆಯ ನಡುಪಟ್ಟಿಗೂ ಹೊಲಿಗೆಗೂ ಏಟು. ಪ್ರತಿ ಸಲ ಹಾಲು ಕುಡಿಸಲು ಕೂರುವಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟುಕೊಳ್ಳಿ. ಮೂರು ತಿಂಗಳು ಮಂಚದಿಂದ ಇಳಿಯಬಾರದು ಎನ್ನುವುದು ಎರಡನೆಯದು. ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಮಲಗಿಯೇ ಇದ್ದರೆ ಇನ್ನೂ ಹೆಚ್ಚು. ವಿಶ್ರಾಂತಿ ಬೇಕು, ಆದರೆ ಗಂಟೆಗೊಮ್ಮೆ ಎದ್ದು ಕೋಣೆಯಲ್ಲೇ ಓಡಾಡಿ, ಮಲಗಿದ್ದಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ನನ್ನ ಸೀಮಂತದಲ್ಲಿ ಚಿಕ್ಕಮ್ಮ ಒಬ್ಬರು, ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ 'ತಾಯಿ-ಮಗು' ಪುಸ್ತಕವನ್ನು ಮಡಿಲಿಗೆ ಹಾಕಿದ್ದರು. ಮನೆಯಲ್ಲಿ ಅಜ್ಜಿಯ ಮಾತೂ ಇರಬೇಕು, ಓದಿ ತಿಳಿದುಕೊಳ್ಳುವ ಪುಸ್ತಕವೂ ಇರಬೇಕು ಎನ್ನುವುದನ್ನು ಆ ಚಿಕ್ಕಮ್ಮನಿಂದ ಕಲಿತೆ.

ಈಗ ಕೆಲಸಕ್ಕೆ ಬರೋಣ. ಹೊಟ್ಟೆಯ ಕೆಲಸ ಉಸಿರಿನಿಂದ ಶುರುವಾಗಬೇಕು. ಎಲ್ಲ ಸ್ನಾಯುಗಳಿಗಿಂತ ಒಳಗೆ, ಸೊಂಟದ ಸುತ್ತ ಅಡ್ಡಡ್ಡ ಸುತ್ತಿಕೊಂಡಿರುವ ಒಂದು ಸ್ನಾಯು ಇದೆ. ದೇವರು ಹುಟ್ಟುವಾಗಲೇ ಕಟ್ಟಿ ಕಳಿಸಿದ ನಡುಕಟ್ಟು ಅದು. ಅದನ್ನು ಎಬ್ಬಿಸದೆ ಹೊರಗಿನದನ್ನು ಎಷ್ಟು ದುಡಿಸಿದರೂ ಪ್ರಯೋಜನವಿಲ್ಲ. ಸಲೀಸಾದ ಹೆರಿಗೆಯಾದವರು ಒಂದೆರಡು ದಿನದಲ್ಲೇ, ಸಿಸೇರಿಯನ್ ಆದವರು ನೋವು ತಡೆಯುವಷ್ಟಾದ ಮೇಲೆ, ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಹೀಗೆ ಮಾಡಿ. ಅಂಗಾತ ಮಲಗಿ ಮಂಡಿ ಮಡಿಸಿ. ಮೂಗಿನಿಂದ ಉಸಿರು ತೆಗೆದುಕೊಳ್ಳುವಾಗ ಹೊಟ್ಟೆ, ಪಕ್ಕೆ ಎರಡೂ ಅರಳಲಿ. ಬಾಯಿಂದ ನಿಧಾನವಾಗಿ ಉಸಿರು ಬಿಡುತ್ತ ಹೊಕ್ಕುಳನ್ನು ಬೆನ್ನಿನ ಕಡೆಗೆ ಮೆಲ್ಲಗೆ ಎಳೆದುಕೊಳ್ಳಿ. ಉಸಿರು ಕಟ್ಟಬೇಡಿ. ಐದು ಎಣಿಸಿ ಬಿಡಿ. ಒಂದು ಹೊತ್ತಿಗೆ ಎಂಟು ಹತ್ತು ಸಲ ಸಾಕು, ದಿನಕ್ಕೆ ಮೂರು ಹೊತ್ತು. ಇಷ್ಟೇನಾ ಎಂದು ತಾತ್ಸಾರ ಮಾಡಬೇಡಿ. ಹನಿ ಹನಿ ಕೂಡಿಯೇ ಹಳ್ಳವಾಗುವುದು.

ಅದರ ಜೊತೆಗೇ ಬುಡದ ಸ್ನಾಯುಗಳ ಕೆಲಸ. ಫಿಸಿಯೋಥೆರಪಿಯವರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವಿವರಿಸಿ ಬರೆದದ್ದರಿಂದ ಕೆಗೆಲ್ ವ್ಯಾಯಾಮ ಎಂಬ ಹೆಸರು ಬಂತು. ನಮ್ಮ ಯೋಗದವರ ಮೂಲಬಂಧವೂ ಈ ಜಾಗದ್ದೇ. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆದ ಹಾಗೆ ಬುಡವನ್ನು ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಿ, ಐದು ಎಣಿಸುವವರೆಗೆ ಹಿಡಿದು ಬಿಡಿ. ಬಿಡುವುದೂ ಪೂರ್ತಿ ಆಗಬೇಕು, ಅರ್ಧಂಬರ್ಧ ಬೇಡ. ತೊಡೆ, ಪೃಷ್ಠ ಬಿಗಿಯಬಾರದು. ಮೂತ್ರ ಮಾಡುತ್ತಿರುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಅದು ಕೆಟ್ಟ ರೂಢಿ. ಇದಕ್ಕೆ ಬೇರೆ ಸಮಯ ಎಲ್ಲಿ ಎಂದು ನನ್ನನ್ನು ಕೇಳಬೇಡಿ. ಹಾಲು ಕುಡಿಸುವಾಗ ಒಂದು ಸಲ, ಕುಕ್ಕರ್ ಕೂಗುವವರೆಗೆ ಒಂದು ಸಲ, ರಾತ್ರಿ ಮಲಗುವಾಗ ಒಂದು ಸಲ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗದ ವ್ಯಾಯಾಮ ಇದು.

ಎರಡು ಮೂರು ವಾರ ಕಳೆದು ಇವೆರಡೂ ಕೈವಶವಾದ ಮೇಲೆ, ಅದೇ ಮಲಗಿದ ಭಂಗಿಯಲ್ಲಿ ಉಸಿರು ಬಿಡುತ್ತ ಒಂದು ಹಿಮ್ಮಡಿಯನ್ನು ಚಾಪೆಯ ಮೇಲೆ ಜಾರಿಸಿ ಕಾಲು ಚಾಚಿ, ಮತ್ತೆ ಮಡಿಸಿಕೊಳ್ಳಿ. ಆಮೇಲೆ ಇನ್ನೊಂದು. ಸೊಂಟವನ್ನು ಚಾಪೆಗೆ ಒತ್ತಿ ಸಡಿಲಿಸುವುದು, ಮಡಿಸಿದ ಮಂಡಿಯನ್ನು ಒಂದೊಂದಾಗಿ ಪಕ್ಕಕ್ಕೆ ವಾಲಿಸಿ ತರುವುದು, ಡಾಕ್ಟರು ನೋಡಿ ಒಪ್ಪಿದ ಮೇಲೆ ಸೇತುಬಂಧದ ಹಾಗೆ ಸೊಂಟವನ್ನು ಮೆಲ್ಲಗೆ ಎತ್ತುವುದು, ಈ ಕ್ರಮದಲ್ಲಿ ಮುಂದುವರಿಯಿರಿ. ಯಾವುದೇ ವ್ಯಾಯಾಮದಲ್ಲಿ ಹೊಟ್ಟೆಯ ನಡುವೆ ದಿಣ್ಣೆ ಎದ್ದರೆ ಅದಕ್ಕೆ ನೀವು ಇನ್ನೂ ಸಿದ್ಧರಾಗಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು ಎರಡು ವಾರ ತಡೆಯಿರಿ.

ಈ ಕ್ರಮ ಬಿಟ್ಟು ಹೆರಿಗೆಯಾದ ತಿಂಗಳಿಗೇ ಅಂಗಾತ ಮಲಗಿ ದಡದಡ ಏಳುವ ಕ್ರಂಚಸ್ಸು, ಎರಡೂ ಕಾಲು ಒಟ್ಟಿಗೆ ಎತ್ತುವುದು, ಪ್ಲ್ಯಾಂಕು, ನೌಕಾಸನ ಎಂದು ಹೊರಡುತ್ತೀರಲ್ಲ, ಅದಕ್ಕೇ ನನಗೆ ಸಿಟ್ಟು. ಬಿರುಕು ಕೂಡುವ ಮೊದಲೇ ಅದನ್ನು ಒಳಗಿನಿಂದ ತಳ್ಳಿದರೆ ಇನ್ನೂ ಅಗಲವಾಗುವುದಲ್ಲದೆ ಇನ್ನೇನಾದೀತು? ಕಪಾಲಭಾತಿ, ಉಡ್ಡೀಯಾನದಂಥವನ್ನೂ ಸಿಸೇರಿಯನ್ ಆದವರು ಡಾಕ್ಟರು ಒಪ್ಪುವವರೆಗೆ ಮುಟ್ಟಬೇಡಿ. ನಮ್ಮ ಜಯನಗರ, ಜೆ.ಪಿ. ನಗರದಲ್ಲಿ ಬೀದಿಗೊಂದು ಜಿಮ್ಮು, ಬೀದಿಗೊಂದು ಯೋಗ ತರಗತಿ ಇದೆ. ಸೇರುವ ಮೊದಲು "ಹೆರಿಗೆಯಾಗಿ ಇಷ್ಟು ದಿನ ಆಗಿದೆ" ಎಂದು ಹೇಳಿ. ಅದನ್ನು ಕೇಳಿಯೂ ಎಲ್ಲರ ಸಾಲಿನಲ್ಲೇ ನಿಲ್ಲಿಸುವ ಕಡೆ ನಿಲ್ಲಬೇಡಿ. ಕೋಲಾರದ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಮಗಳು ಗೀತಾ ಅಯ್ಯಂಗಾರ್ ಹೆಂಗಸರ ಯೋಗಕ್ಕೆಂದೇ ಒಂದು ಪುಸ್ತಕ ಬರೆದರು. ಹೆಣ್ಣಿನ ದೇಹಕ್ಕೆ ಬೇರೆಯದೇ ಪಾಠ ಬೇಕು ಎನ್ನುವುದು ನಮ್ಮ ನೆಲದ ಯೋಗದವರಿಗೂ ಗೊತ್ತಿತ್ತು.

ವ್ಯಾಯಾಮಕ್ಕಿಂತ ಹೆಚ್ಚಾಗಿ ಹೊಟ್ಟೆ ಕೆಡುವುದು ದಿನದ ಉಳಿದ ಹೊತ್ತಿನಲ್ಲಿ. ಮಗು ಅತ್ತ ಕೂಡಲೇ ಅಂಗಾತ ಮಲಗಿದ್ದವರು ಥಟ್ಟನೆ ನೆಟ್ಟಗೆ ಎದ್ದು ಕೂರುತ್ತೀರಿ. ಅದೂ ಒಂದು ಕ್ರಂಚೇ! ರಾತ್ರಿಗೆ ಆರು ಸಲ ಎದ್ದರೆ ಲೆಕ್ಕ ಹಾಕಿ. ಮೊದಲು ಮಗ್ಗುಲಾಗಿ, ಕಾಲು ಮಂಚದಿಂದ ಇಳಿಬಿಡಿ, ಕೈ ಊರಿ, ಉಸಿರು ಬಿಡುತ್ತ ಏಳಿ. ಹಾಲು ಕುಡಿಸುವಾಗ ಬೆನ್ನು ಗೂನು ಮಾಡಿಕೊಂಡು ಮಗುವಿನ ಮೇಲೆ ಬಾಗಬೇಡಿ. ತೊಡೆಯ ಮೇಲೆ ದಿಂಬಿಟ್ಟು ಮಗುವನ್ನೇ ಎದೆಯ ಮಟ್ಟಕ್ಕೆ ತಂದುಕೊಳ್ಳಿ, ಬೆನ್ನಿಗೂ ಒಂದು ದಿಂಬು ಇರಲಿ. ಮಗುವನ್ನು ನೆಲದಿಂದ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಎತ್ತಿ. ಸಿಸೇರಿಯನ್ ಆದವರು ಆರು ವಾರ ಮಗುವಿಗಿಂತ ಹೆಚ್ಚು ತೂಕದ್ದೇನನ್ನೂ ಎತ್ತಬಾರದು. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಒದ್ದೆ ಬಟ್ಟೆಯ ಬಕೆಟ್ಟು ಯಾವುದೂ ನಿಮ್ಮ ಕೆಲಸವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಮೂವತ್ತೊಂದಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಅಂದರೆ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬ ಬಾಣಂತಿ ಹೊಟ್ಟೆ ಕೊಯ್ಸಿಕೊಂಡವಳೇ. ಬೇರೆ ಯಾವ ಆಪರೇಷನ್ ಆದವರನ್ನಾದರೂ ವಾರಕ್ಕೇ ಅಡುಗೆಮನೆಗೆ ಕಳಿಸುತ್ತೇವೆಯೇ? ಗಂಡಂದಿರೇ, ಅತ್ತೆಯಂದಿರೇ, ಇದನ್ನು ನಿಮಗೇ ಹೇಳುತ್ತಿದ್ದೇನೆ.

ನಡಿಗೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೊದಲು ಮನೆಯೊಳಗೆ, ಆಮೇಲೆ ಬೀದಿಯ ಕೊನೆಯವರೆಗೆ, ಹಾಗೇ ಹೆಚ್ಚಿಸುತ್ತ ಹೋಗಿ. ಬಾಣಂತಿಯರಿಗೂ ವಾರಕ್ಕೆ ಒಟ್ಟು 150 ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರದಲ್ಲಿ ಐದು ದಿನ. ಜೆ.ಪಿ. ನಗರದವರಿಗೆ ಮಿನಿ ಫಾರೆಸ್ಟ್ ಇದೆ, ಸಾರಕ್ಕಿ ಕೆರೆ, ಪುಟ್ಟೇನಹಳ್ಳಿ ಕೆರೆಯ ಏರಿ ಇದೆ. ಬಿಟಿಎಂ ಲೇಔಟಿನವರಿಗೆ ಮಡಿವಾಳ ಕೆರೆ. ಜಯನಗರದವರಿಗೆ ಲಾಲ್‌ಬಾಗ್ ಎಷ್ಟು ದೂರ? ಆದರೆ ಲಾಲ್‌ಬಾಗಿನ ಬಂಡೆ ಹತ್ತುವುದು, ರಾಗಿಗುಡ್ಡದ ಮೆಟ್ಟಿಲು ಹತ್ತುವುದು ಮೂರು ತಿಂಗಳಾಗುವವರೆಗೆ ಬೇಡ. ನಮ್ಮ ಫುಟ್‌ಪಾತಿನ ಎದ್ದ ಕಲ್ಲುಗಳ ಮೇಲೆ ಮಗುವನ್ನು ಎದೆಗೆ ಕಟ್ಟಿಕೊಂಡು ನಡೆಯುವ ಸಾಹಸವೂ ಬೇಡ. ಬಸುರಿನಲ್ಲಿ ಸಡಿಲವಾದ ಕೀಲುಗಳು ಬಿಗಿಯಾಗಲು ಇನ್ನೂ ತಿಂಗಳುಗಳು ಬೇಕು, ಕಾಲು ಉಳುಕಿದರೆ ಮತ್ತೆ ಮಂಚವೇ ಗತಿ. ಮಗುವನ್ನು ಮನೆಯಲ್ಲಿ ಯಾರಾದರೂ ನೋಡಿಕೊಳ್ಳಲಿ, ಆ ಅರ್ಧ ಗಂಟೆ ನಿಮ್ಮದು. ಹರಕೆಯಿದೆಯೆಂದು ಬನಶಂಕರಿ ದೇವಸ್ಥಾನದಲ್ಲಿ ಶುಕ್ರವಾರದ ರಾಹುಕಾಲದ ಜನಜಂಗುಳಿಯಲ್ಲಿ ನಿಲ್ಲುವುದನ್ನೂ ಮುಂದೆ ಹಾಕಿ. ಆ ತಾಯಿಗೆ ನಿಮ್ಮ ಕಷ್ಟ ಗೊತ್ತಿದೆ.

ಊಟದ ಮಾತು. ಊಟ ಬಲ್ಲವನಿಗೆ ರೋಗವಿಲ್ಲ. ಬಾಣಂತಿಯರಲ್ಲಿ ನಾನು ಎರಡು ಅತಿಗಳನ್ನು ಕಂಡಿದ್ದೇನೆ. ಒಂದು, ಬಾಣಂತಿಯೆಂದು ಅನ್ನಕ್ಕೆ ಮುಳುಗುವಷ್ಟು ತುಪ್ಪ, ಮೂರು ಹೊತ್ತೂ ಅಂಟಿನುಂಡೆ. ಇನ್ನೊಂದು, ಹೊಟ್ಟೆ ಇಳಿಸಬೇಕೆಂದು ಬರೀ ಹಸಿರು ಚಹಾ, ಸೌತೆಕಾಯಿ. ಎರಡನೆಯದು ಹೆಚ್ಚು ಅಪಾಯದ್ದು. ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಹೇಳುತ್ತದೆ. ಹಿಗ್ಗಿದ ಸ್ನಾಯು ಚೇತರಿಸಿಕೊಳ್ಳುವುದು ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನುಗಳಿಂದ. ಹಸಿವಿನಿಂದಲ್ಲ. ಸಬ್ಬಸಿಗೆ ಸೊಪ್ಪಿಗೆ ಬೆಳ್ಳುಳ್ಳಿ ಹಾಕಿದ ಪಲ್ಯ, ಮೆಣಸಿನ ಸಾರು, ತೊಗರಿಬೇಳೆ ಕಟ್ಟು, ರಾಗಿ ಮುದ್ದೆ, ಒಂದು ಚಮಚ ತುಪ್ಪ, ಇಷ್ಟಿದ್ದರೆ ಯಾವ ಡಬ್ಬಿಯ ಪುಡಿಯೂ ಬೇಡ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಬಾಣಂತಿ ಸಾಮಾನು ಕೇಳಿ ತಂದು ಖಾರ, ಲೇಹ್ಯ ಮಾಡುವವರು ಮಾಡಿ, ನೆಲ್ಲಿಕಾಯಿ ಗಾತ್ರಕ್ಕಿಂತ ಹೆಚ್ಚು ಬೇಡ. ಹೊಟ್ಟೆ ಕರಗಿಸುವ ಪುಡಿ, ಕಷಾಯ, ಮಾತ್ರೆ ಎಂದು ಮಾರುವುದನ್ನು ಹಾಲು ಕುಡಿಸುವವರು ಮುಟ್ಟಲೇಬಾರದು. ತಾಯಿ ನುಂಗಿದ್ದು ಮಗುವಿಗೂ ಹೋದೀತು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಮಗು ಬಂತೆಂದು ಆ ಚೀಟಿಯನ್ನು ಮರೆತು ಬಿಡುವವರೇ ಹೆಚ್ಚು. ತೂಕ ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ದೊಡ್ಡದು.

ಚರ್ಮದ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಹಿಗ್ಗಿದ ಚರ್ಮ ಆರು ತಿಂಗಳಿಂದ ಒಂದು ವರ್ಷದವರೆಗೆ ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ. ಎಷ್ಟು ಕುಗ್ಗುತ್ತದೆ ಎನ್ನುವುದು ನಿಮ್ಮ ವಯಸ್ಸು, ತಾಯಿಯಿಂದ ಬಂದ ಮೈಗುಣ, ಎಷ್ಟು ತೂಕ ಏರಿತ್ತು, ಒಂದು ಮಗುವೋ ಅವಳಿಯೋ ಎನ್ನುವುದರ ಮೇಲಿದೆ. ಕೆಂಪಗೆ, ನೇರಳೆಯಾಗಿ ಕಾಣುವ ಗೆರೆಗಳು ಕಾಲಕ್ರಮೇಣ ಬೆಳ್ಳಗಾಗಿ ಮಾಸುತ್ತವೆ, ಪೂರ್ತಿ ಹೋಗುವುದಿಲ್ಲ. ಸಾವಿರಾರು ರೂಪಾಯಿಯ ಕ್ರೀಮು ಅವನ್ನು ಅಳಿಸುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ತುರಿಕೆ, ಒಣಗುವುದು ಕಡಿಮೆಯಾಗುತ್ತದೆ, ಅಷ್ಟು ಸಾಕು. ಸಿಸೇರಿಯನ್ ಗಾಯದ ಮೇಲೆ ಅದು ಪೂರ್ತಿ ಮಾಗುವವರೆಗೆ ಏನನ್ನೂ ಹಚ್ಚಬೇಡಿ. ಬಾಣಂತಿ ನೀರು ಹಾಕುವವರಿಗೂ ಅಲ್ಲಿ ಕೈಯಿಟ್ಟು ತಿಕ್ಕಬೇಡಿ ಎಂದು ಹೇಳಿ. ಚರ್ಮ ಕತ್ತರಿಸಿ ಬಿಗಿ ಮಾಡುವ ಆಪರೇಷನ್ ಇದೆ, ನಿಜ. ಇನ್ನು ಮಕ್ಕಳು ಸಾಕು ಎಂದು ನಿರ್ಧರಿಸಿದ ಮೇಲೆ, ವರ್ಷಗಟ್ಟಲೆ ಕಾದ ಮೇಲೆ ಯೋಚಿಸುವ ಮಾತು ಅದು.

ಕೆಲವು ವಿಷಯದಲ್ಲಿ ಮಾತ್ರ ಕಾಯಲೇಬೇಡಿ. ಒಂದು ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಉಸಿರಾಟಕ್ಕೆ ತೊಂದರೆ, ಎದೆ ನೋವು, ಜ್ವರ, ಹೊಲಿಗೆಯಿಂದ ಕೀವು, ನಿಂತಿದ್ದ ರಕ್ತಸ್ರಾವ ಮತ್ತೆ ಜೋರಾಗುವುದು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೊಕ್ಕುಳಿನ ಹತ್ತಿರ ಗಂಟು ಎದ್ದು ಒತ್ತಿದರೂ ಒಳಗೆ ಹೋಗದೆ ನೋಯುತ್ತಿದ್ದರೂ ಹಾಗೆಯೇ. ಕೆಮ್ಮಿದರೆ ಮೂತ್ರ ಹನಿಯುವುದು ಮೂರು ತಿಂಗಳ ಮೇಲೂ ನಿಲ್ಲದಿದ್ದರೆ ನಾಚಿಕೆ ಬಿಟ್ಟು ಹೇಳಿ. ಎಲ್ಲರಿಗೂ ಆಗುತ್ತೆ ಎಂದು ಹೇಳಿ ನಮ್ಮ ತಲೆಮಾರಿನವರು ನಲವತ್ತು ವರ್ಷ ಸಹಿಸಿಕೊಂಡೆವು. ನೀವು ಸಹಿಸಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಯ ಖರ್ಚಿಗೆ ಹೆದರುವವರಿಗೆ ನಮ್ಮ ಜಯನಗರದ ಜನರಲ್ ಆಸ್ಪತ್ರೆ ಇದೆ. ದಿನವಿಡೀ ಮನಸ್ಸು ಕುಗ್ಗಿ, ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದು ಹೊಟ್ಟೆಗಿಂತ ದೊಡ್ಡ ವಿಷಯ.

ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳ ಬಗ್ಗೆಯೂ ಹೇಳಬೇಕು. ಆಫೀಸಿಗೆ ಹೋಗುವ ನಿಮಗೆ ಹೆರಿಗೆ ರಜೆಯ ಕಾನೂನಿನ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಸಿಕ್ಕಿದೆ. ಅವಳಿಗೆ ಯಾರು ಕೊಟ್ಟಾರು? ಹೆರಿಗೆಯಾಗಿ ನಲವತ್ತು ದಿನಕ್ಕೆ ಬಾಗಿಲಲ್ಲಿ ನಿಂತು "ಅಕ್ಕಾ, ಕೆಲ್ಸಕ್ಕೆ ಬರ್ಲಾ" ಎಂದು ಕೇಳುತ್ತಾಳೆ. ಅವಳ ಹೊಟ್ಟೆಯ ಸ್ನಾಯುವೂ ನಿಮ್ಮದರ ಹಾಗೆಯೇ ಬಿರಿದಿರುತ್ತದೆ. ಮೂರು ತಿಂಗಳು ಅರ್ಧ ಸಂಬಳವನ್ನಾದರೂ ಮನೆಗೇ ಕಳಿಸಿಕೊಡಿ. ಬರಲೇಬೇಕಾದ ಸ್ಥಿತಿಯಾದರೆ ತುಂಬಿದ ಬಕೆಟ್ಟು ಎತ್ತಿಸಬೇಡಿ, ಬಗ್ಗಿ ನೆಲ ಒರೆಸುವ ಬದಲು ಉದ್ದ ಕೋಲಿನ ಮಾಪು ಕೊಡಿ, ಉಸಿರಿನ ಆ ವ್ಯಾಯಾಮವನ್ನು ಹೇಳಿಕೊಡಿ. ಅಂಗನವಾಡಿಯಲ್ಲಿ ಬಾಣಂತಿಯರಿಗೆ ಆರು ತಿಂಗಳವರೆಗೆ ಬಿಸಿಯೂಟ, ಮೊಟ್ಟೆ, ಹಾಲು ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಅವಳು ಹೆಸರು ಬರೆಸಿದ್ದಾಳೋ ಇಲ್ಲವೋ ವಿಚಾರಿಸಿ. ಇಲ್ಲವೆಂದರೆ ಒಂದು ಬೆಳಗ್ಗೆ ನೀವೇ ಜೊತೆಗೆ ಹೋಗಿ ಬನ್ನಿ.

ಪಾರ್ಕಿನ ಹುಡುಗಿ ಅವತ್ತೇ ಬೆಂಚಿನ ಮೇಲೆ ಕೂತಲ್ಲೇ ಟೀ ಶರ್ಟಿನೊಳಗೆ ಕೈಹಾಕಿ ಬೆಲ್ಟು ಬಿಚ್ಚಿದಳು. ಸೊಂಟದ ಸುತ್ತ ಕೆಂಪಗೆ ಬರೆ ಬಿದ್ದಿತ್ತು. ಮಾರನೆಯ ದಿನ ಚಾಪೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು, ಬೆರಳಿಟ್ಟು ನೋಡಿದರೆ ಮೂರು ಬೆರಳಿನ ಅಗಲ. ಡಾಕ್ಟರನ್ನೂ ಕಂಡು ಬಂದಳು. ಈಗ ಮಂಗಳವಾರ, ಶುಕ್ರವಾರ ಮಗುವನ್ನು ನನ್ನ ಮಡಿಲಿಗೆ ಹಾಕಿ ಹಜಾರದಲ್ಲೇ ಚಾಪೆ ಹಾಸಿಕೊಂಡು ಮಲಗಿ ಉಸಿರಿನ ಲೆಕ್ಕ ಹೇಳುತ್ತಾಳೆ. ಏಳುವಾಗ ಮಾತ್ರ ಇನ್ನೂ ಒಮ್ಮೊಮ್ಮೆ ಮರೆತು ನೆಟ್ಟಗೆ ಎದ್ದುಬಿಡುತ್ತಾಳೆ. "ಮಗ್ಗುಲಾಗಿ ಏಳಮ್ಮಾ" ಎಂದು ನಾನು ಕೂಗುತ್ತೇನೆ.